ಡ್ರಿಲ್ ಎತ್ತುವ ಮುಂಚೆ: ಆರಂಭದ ಹುಳುಕಿಗೊಂದು ದೋಷ ನಿವಾರಣೆ ಕೈಪಿಡಿ

ಹಲ್ಲಿನಲ್ಲಿ ನೋವಿಲ್ಲ. ಗುಂಡಿಯೂ ಕಾಣುತ್ತಿಲ್ಲ. ಆದರೆ ಒಸಡಿನ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಇದೆ. ಅಥವಾ ದವಡೆ ಹಲ್ಲಿನ ಸೀಳಿನಲ್ಲಿ ಕಂದು ಗೆರೆ ಇದೆ. ಅಥವಾ ಎಕ್ಸ್-ರೇಯಲ್ಲಿ ಎರಡು ಹಲ್ಲುಗಳು ತಾಗುವ ಕಡೆ ಚಿಕ್ಕದೊಂದು ನೆರಳು ಬಿದ್ದಿದೆ. ಕುರ್ಚಿಯಲ್ಲಿ ಕೂತವರು ಕೇಳುತ್ತಾರೆ: "ಡಾಕ್ಟ್ರೇ, ಹುಳುಕಾ? ಫಿಲ್ಲಿಂಗ್ ಮಾಡಿಸ್ಬೇಕಾ?"

ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಬರೆಯುವಾಗ ಮನಸ್ಸಿನಲ್ಲಿದ್ದವರು ಇಂಟರ್ನ್‌ಗಳು ಮತ್ತು ಹೊಸದಾಗಿ ಕ್ಲಿನಿಕ್ ಶುರು ಮಾಡಿದ ದಂತವೈದ್ಯರು. "ಈಗ ಕೊರೆಯೋದು ಬೇಡ, ಕೆಲವು ತಿಂಗಳು ಬಿಟ್ಟು ಬನ್ನಿ" ಅಂತ ಹೇಳಿಸಿಕೊಂಡು ಗೊಂದಲದಲ್ಲಿರುವವರೂ ಓದಬಹುದು.

ಇಲ್ಲಿ ಎರಡು ಕಡೆಗೂ ತಪ್ಪುವ ಸಾಧ್ಯತೆ ಇದೆ. ಒಂದು, ಬೇಡದ ಕಡೆ ಕೊರೆಯುವುದು. ಕೊರೆದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ಹಾಕಿದ ಫಿಲ್ಲಿಂಗ್ ಜೀವನಪೂರ್ತಿ ಬಾಳುವುದೂ ಇಲ್ಲ. ಅಂಚು ಬಿಡುತ್ತದೆ, ಬದಲಾಯಿಸಬೇಕಾಗುತ್ತದೆ, ಪ್ರತಿ ಸಲವೂ ಗುಂಡಿ ಇನ್ನಷ್ಟು ಅಗಲವಾಗುತ್ತದೆ. ಹದಿಹರೆಯದಲ್ಲಿ ಹಾಕಿದ ಪುಟ್ಟ ಫಿಲ್ಲಿಂಗ್ ನಡುವಯಸ್ಸಿಗೆ ರೂಟ್ ಕೆನಾಲ್‌ವರೆಗೂ ಹೋಗುವುದು ಅಪರೂಪವೇನಲ್ಲ. ಇನ್ನೊಂದು, "ಚಿಕ್ಕದು, ನೋಡೋಣ" ಅಂತ ಏನೂ ಮಾಡದೆ ಕಳಿಸಿಬಿಡುವುದು. ನಿಗಾ ಇಡುವುದು ಬೇರೆ, ಸುಮ್ನೆ ಬಿಡುವುದು ಬೇರೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಎಕ್ಸ್-ರೇಯ ನೆರಳೊಂದನ್ನೇ ನಂಬಿಯೂ ಮಾಡಬೇಡಿ. ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಇದು ಹುಳುಕೇ ಹೌದಾ? ಮೇಲ್ಮೈ ಒಡೆದಿದೆಯಾ? ಈಗಲೂ ಬೆಳೆಯುತ್ತಿದೆಯಾ, ಇಲ್ಲ ನಿಂತುಹೋಗಿದೆಯಾ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಏರೋಟರ್, ಅಂದರೆ ಕೊರೆಯುವ ಯಂತ್ರ, ತನ್ನ ಜಾಗದಲ್ಲೇ ಇರಲಿ.

ಒಳಗೆ ಏನಾಗುತ್ತಿದೆ

ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪ್ಲಾಕ್‌ನ (ಹಲ್ಲಿನ ಮೇಲೆ ಅಂಟಿ ಕೂರುವ ಪೊರೆಯ) ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಇಳಿದಷ್ಟೂ ಆಮ್ಲ ಜಾಸ್ತಿ ಅಂತ ಹೇಳುವ ಅಳತೆ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಹೊರಗೆ ಹೋಗುತ್ತವೆ. ಜೊಲ್ಲು ಆ ಆಮ್ಲವನ್ನು ತಣಿಸಿ ಪಿಎಚ್ ಅನ್ನು ಮೇಲೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಗ ಖನಿಜ ವಾಪಸ್ ಬರುತ್ತದೆ. ಫ್ಲೋರೈಡ್ ಇದ್ದರೆ ಇನ್ನೂ ಚೆನ್ನಾಗಿ ಬರುತ್ತದೆ. ದಿನಕ್ಕೆ ಹಲವು ಸಲ ನಡೆಯುವ ಈ ಲೆಕ್ಕದಲ್ಲಿ ಹೋಗುವುದು ಜಾಸ್ತಿ, ಬರುವುದು ಕಡಿಮೆ ಆದಾಗ ಹುಳುಕು ಶುರುವಾಗುತ್ತದೆ.

ಶುರುವಾಗುವುದು ಮೇಲ್ಮೈಯ ಕೆಳಗೆ. ಮೇಲಿನ ತೆಳು ಪದರ ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿದಿರುತ್ತದೆ, ಒಳಗೆ ಮಾತ್ರ ಸಣ್ಣ ಸಣ್ಣ ರಂಧ್ರಗಳಾಗಿರುತ್ತವೆ. ಈ ಪದರ ಉಳಿದಿರುವಷ್ಟು ಕಾಲ ಹುಳುಕನ್ನು ನಿಲ್ಲಿಸಲು ದಾರಿ ಇದೆ. ಅದು ಕುಸಿದು ಗುಂಡಿಯಾದರೆ ಪ್ಲಾಕ್ ಒಳಗೆ ಕೂರುತ್ತದೆ, ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಎರಡನೇ ಪ್ರಶ್ನೆಗೆ ಇಷ್ಟು ತೂಕ ಇರುವುದು ಇದಕ್ಕೇ.

ನೋಡುವ ರೀತಿ

ಮೊದಲು ಹಲ್ಲುಜ್ಜದ ಸ್ಥಿತಿಯಲ್ಲೇ ಒಮ್ಮೆ ನೋಡಿ. ಪ್ಲಾಕ್ ಎಲ್ಲೆಲ್ಲಿ ಕೂತಿದೆ ಅನ್ನುವುದೇ ದೊಡ್ಡ ಸುಳಿವು. ಆಮೇಲೆ ಸ್ವಚ್ಛ ಮಾಡಿ, ಹಲ್ಲು ಒದ್ದೆ ಇರುವಾಗಲೇ ಇನ್ನೊಮ್ಮೆ ನೋಡಿ. ನಂತರ ತ್ರೀ-ವೇ ಸಿರಿಂಜ್‌ನಿಂದ 5 ಸೆಕೆಂಡ್ ಗಾಳಿ ಹಾಯಿಸಿ, ಮತ್ತೆ ನೋಡಿ.

ಆ 5 ಸೆಕೆಂಡ್‌ನಲ್ಲಿ ಆಗುವುದನ್ನು ಗಮನಿಸಬೇಕು. ಒದ್ದೆ ಇದ್ದಾಗ ಏನೂ ಇಲ್ಲದ ಕಡೆ, ತೇವ ಆರುತ್ತಿದ್ದಂತೆ, ಒಸಡಿನ ಅಂಚಿಗೆ ಹೊಂದಿಕೊಂಡು ಮಂಕಾದ ಬಿಳಿ ಪಟ್ಟಿಯೊಂದು ನಿಧಾನವಾಗಿ ಮೂಡುತ್ತದೆ. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ರಂಧ್ರಗಳಲ್ಲಿ ನೀರಿದ್ದಾಗ ವ್ಯತ್ಯಾಸ ಕಡಿಮೆ, ಮಚ್ಚೆ ಅಡಗಿರುತ್ತದೆ. ನೀರು ಹೋಗಿ ಗಾಳಿ ತುಂಬಿದಾಗ ಬೆಳಕು ಚೆದುರುತ್ತದೆ, ಮಚ್ಚೆ ಎದ್ದು ಕಾಣುತ್ತದೆ. ಒಣಗಿಸಿದರೆ ಮಾತ್ರ ಕಾಣುವುದು ತೀರಾ ಆರಂಭದ ಹಂತ. ಹುಳುಕಿನ ಹಂತ ಗುರುತಿಸುವ ಐಸಿಡಿಎಎಸ್ ಅಳತೆಯಲ್ಲಿ ಕೋಡ್ 1. ಒದ್ದೆ ಇದ್ದಾಗಲೇ ಕಾಣುತ್ತಿದ್ದರೆ ಅದು ಇನ್ನೂ ಆಳಕ್ಕೆ ಹೋಗಿದೆ, ಕೋಡ್ 2. ಎನಾಮೆಲ್ ಸ್ವಲ್ಪ ಒಡೆದು ಡೆಂಟಿನ್ (ಅದರ ಕೆಳಗಿನ ಪದರ) ಕಾಣದಿದ್ದರೆ 3. ಎನಾಮೆಲ್ ಅಡಿಯಿಂದ ಬೂದು ಅಥವಾ ನೀಲಿ-ಕಪ್ಪು ನೆರಳು ಇಣುಕಿದರೆ 4. ಡೆಂಟಿನ್ ಕಾಣುವ ಗುಂಡಿಗೆ 5, ಅದು ಹಲ್ಲಿನ ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಹರಡಿದ್ದರೆ 6. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು. "ಸಣ್ಣ ಹುಳುಕು" ಅಂತ ಮಾತ್ರ ಬರೆದಿಟ್ಟರೆ ಮುಂದಿನ ಸಲ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ.

ಚೂಪು ಪ್ರೋಬ್ ಚುಚ್ಚಿ "ಸಿಕ್ಕಿಕೊಂಡರೆ ಹುಳುಕು" ಅನ್ನುವ ಹಳೆಯ ಪರೀಕ್ಷೆಯನ್ನು ದಯವಿಟ್ಟು ಬಿಡಿ. ಸೀಳು ಕಿರಿದಾಗಿದ್ದರೆ ಆರೋಗ್ಯವಾದ ಹಲ್ಲಿನಲ್ಲೂ ತುದಿ ಸಿಕ್ಕಿಕೊಳ್ಳುತ್ತದೆ. ನಿಜಕ್ಕೂ ಹುಳುಕಿದ್ದರೆ, ನಾವು ಉಳಿಸಬೇಕಾದ ಆ ತೆಳು ಪದರವನ್ನು ನಾವೇ ಚುಚ್ಚಿ ಒಡೆದಂತಾಗುತ್ತದೆ. ಗುಂಡು ತುದಿಯ ಪ್ರೋಬ್ ಸಾಕು. ಒತ್ತಬೇಡಿ. ಮೇಲ್ಮೈ ಮೇಲೆ ಹಗುರವಾಗಿ ಎಳೆಯಿರಿ. ಒರಟಾ, ನುಣುಪಾ ಅನ್ನುವುದು ಬೆರಳಿಗೆ ತಿಳಿಯುತ್ತದೆ.

ಪ್ರಶ್ನೆ ಒಂದು: ಇದು ಹುಳುಕೇ ಹೌದಾ?

ಬಿಳಿ ಮಚ್ಚೆಗಳೆಲ್ಲ ಹುಳುಕಲ್ಲ. ಹುಳುಕಿಗೆ ತನ್ನದೇ ಜಾಗಗಳಿವೆ: ಒಸಡಿನ ಅಂಚು, ಸೀಳುಗಳು, ಎರಡು ಹಲ್ಲುಗಳು ತಾಗುವ ಜಾಗದ ಸ್ವಲ್ಪ ಕೆಳಗೆ, ಬ್ರೇಸಸ್‌ನ ಬ್ರಾಕೆಟ್ ಸುತ್ತ. ಅಂದರೆ ಪ್ಲಾಕ್ ನೆಮ್ಮದಿಯಾಗಿ ಕೂರುವ ಜಾಗಗಳು. ಮಚ್ಚೆ ಇರುವ ಕಡೆ ಪ್ಲಾಕ್ ನಿಲ್ಲುವ ಸಾಧ್ಯತೆಯೇ ಇಲ್ಲದಿದ್ದರೆ ಅನುಮಾನ ಪಡಿ.

ಫ್ಲೋರೋಸಿಸ್ (ಹಲ್ಲು ಬೆಳೆಯುವಾಗ ಫ್ಲೋರೈಡ್ ಜಾಸ್ತಿಯಾಗಿ ಬರುವ ಕಲೆ) ಆದರೆ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಕಾಣುತ್ತದೆ. ಅಡ್ಡಡ್ಡ ತೆಳು ಗೆರೆಗಳು, ಅಂಚು ಎಲ್ಲಿ ಮುಗಿಯಿತು ಅಂತ ಹೇಳಲಾಗದ ಮಸುಕು. ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಶನ್‌ನಲ್ಲಿ (ಹುಟ್ಟುವಾಗಲೇ ಎನಾಮೆಲ್‌ಗೆ ಖನಿಜ ಸರಿಯಾಗಿ ತುಂಬದ ಸ್ಥಿತಿ) ಇದಕ್ಕೆ ಉಲ್ಟಾ: ಅಂಚು ಸ್ಪಷ್ಟ, ಬಣ್ಣ ಬಿಳಿಯಿಂದ ಹಳದಿ-ಕಂದು, ಜಾಗ ಮೊದಲ ಶಾಶ್ವತ ದವಡೆ ಹಲ್ಲು, ಅನೇಕ ಸಲ ಜೊತೆಗೆ ಮುಂದಿನ ಹಲ್ಲುಗಳೂ. ಮಗು ಗಾಳಿ ತಾಗಿದರೂ ಜುಮ್ ಅಂತ ಬೆಚ್ಚಿದರೆ ಇದನ್ನು ನೆನೆಸಿಕೊಳ್ಳಿ. ಇದು ಹುಳುಕಲ್ಲ ಅಂತ ಗೊತ್ತಾದ ಮೇಲೂ ಕೈಬಿಡುವಂತಿಲ್ಲ. ಆ ಎನಾಮೆಲ್ ಮೆದು, ಅಗಿಯುವ ಒತ್ತಡಕ್ಕೆ ಒಡೆಯುತ್ತದೆ, ಅಲ್ಲಿಗೆ ಹುಳುಕು ಬೇಗ ಬರುತ್ತದೆ. ಒಂದೇ ಒಂದು ಶಾಶ್ವತ ಹಲ್ಲಿನಲ್ಲಿ ಮಚ್ಚೆ ಇದ್ದರೆ, ಅದರ ಮೇಲಿದ್ದ ಹಾಲುಹಲ್ಲಿಗೆ ಚಿಕ್ಕಂದಿನಲ್ಲಿ ಪೆಟ್ಟು ಬಿದ್ದಿತ್ತಾ, ಕೀವು ತುಂಬಿತ್ತಾ ಅಂತ ತಂದೆತಾಯಿಯನ್ನು ಕೇಳಿ.

ದೊಡ್ಡವರ ದವಡೆ ಹಲ್ಲಿನ ಸೀಳುಗಳಲ್ಲಿ ಕಡುಕಂದು ಅಥವಾ ಕಪ್ಪು ಗೆರೆ ಇದ್ದು, ಎರಡೂ ಬದಿ ಹಾಗೇ ಇದ್ದು, ಮುಟ್ಟಿದರೆ ಗಟ್ಟಿ ಇದ್ದು, ಪಕ್ಕದ ಎನಾಮೆಲ್ ಮಂಕಾಗದಿದ್ದರೆ, ಅದು ಹೆಚ್ಚಾಗಿ ಬರೀ ಕಲೆ ಅಥವಾ ಎಂದೋ ನಿಂತುಹೋದ ಹುಳುಕು. ಬೇಡದ ಫಿಲ್ಲಿಂಗ್‌ಗಳಲ್ಲಿ ಇಂಥ ಸೀಳುಗಳದ್ದೇ ದೊಡ್ಡ ಪಾಲು ಅನ್ನುವುದು ನನ್ನ ಗಟ್ಟಿ ಅನಿಸಿಕೆ.

ಎಕ್ಸ್-ರೇಯಲ್ಲೂ ಮೋಸ ಹೋಗಬಹುದು. ಹಲ್ಲಿನ ಕುತ್ತಿಗೆಯ ಹತ್ತಿರ, ಎನಾಮೆಲ್ ಮುಗಿಯುವ ಜಾಗಕ್ಕೂ ಮೂಳೆಯ ಅಂಚಿಗೂ ನಡುವೆ ಕಾಣುವ ಕಪ್ಪು ಪಟ್ಟಿ ಅನೇಕ ಸಲ ಬರ್ನ್‌ಔಟ್ (ಅಲ್ಲಿ ಕಿರಣ ಜಾಸ್ತಿ ಹಾಯುವುದರಿಂದ ಬರುವ ಹುಸಿ ನೆರಳು) ಅಷ್ಟೇ. ಹುಳುಕು ಶುರುವಾಗುವುದು ತಾಗುವ ಬಿಂದುವಿನ ಸ್ವಲ್ಪ ಕೆಳಗೆ. ಜಾಗ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎನಾಮೆಲ್ ಮತ್ತು ಡೆಂಟಿನ್ ಸೇರುವ ಗೆರೆಯ ಕೆಳಗೆ ಕಾಣುವ ತೆಳು ಕಪ್ಪು ಗೆರೆ ನಮ್ಮ ಕಣ್ಣಿನ ಭ್ರಮೆ ಇರಬಹುದು. ಮೇಲಿನ ಬೆಳ್ಳಗಿನ ಎನಾಮೆಲ್ ಭಾಗವನ್ನು ಕಾಗದದಿಂದ ಮುಚ್ಚಿ ನೋಡಿ. ಭ್ರಮೆಯಾದರೆ ಗೆರೆ ಮಾಯವಾಗುತ್ತದೆ.

ಪ್ರಶ್ನೆ ಎರಡು: ಮೇಲ್ಮೈ ಒಡೆದಿದೆಯಾ?

ಹೆಚ್ಚು ಹೊತ್ತು ಕೊಡಬೇಕಾದ ಪ್ರಶ್ನೆ ಇದು. ಕಣ್ಣಿಗೆ ಕಾಣುವ ಮೇಲ್ಮೈಗಳಲ್ಲಿ ಕಷ್ಟವಿಲ್ಲ: ಒಳ್ಳೆ ಬೆಳಕು, ಒಣಗಿದ ಹಲ್ಲು, ಸಾಧ್ಯವಾದರೆ ಲೂಪ್ (ದೊಡ್ಡದು ಮಾಡಿ ತೋರಿಸುವ ಕನ್ನಡಕ). ಆದರೆ ಅಗಿಯುವ ಮೇಲ್ಮೈ ಚೆನ್ನಾಗಿ ಕಂಡು ಒಳಗೆ ಡೆಂಟಿನ್ ಹಾಳಾಗಿರುವ ಪ್ರಸಂಗಗಳೂ ಇವೆ. ಸೀಳಿನ ಪಕ್ಕ ಬೂದು ನೆರಳಿದ್ದರೆ ಬೈಟ್‌ವಿಂಗ್ (ಕಚ್ಚಿ ಹಿಡಿದು ತೆಗೆಯುವ ಎಕ್ಸ್-ರೇ) ತೆಗೆಯದೆ ಸೀಲಂಟ್ (ಸೀಳನ್ನು ಮುಚ್ಚುವ ತೆಳು ಲೇಪ) ಹಾಕಬೇಡಿ.

ಕಷ್ಟ ಇರುವುದು ಹಲ್ಲುಗಳ ನಡುವೆ. ಅಲ್ಲಿ ಕಣ್ಣು ಹೋಗುವುದಿಲ್ಲ, ಹಾಗಾಗಿ ಬೈಟ್‌ವಿಂಗ್‌ನ ಆಳ ನೋಡಿ ಊಹೆ ಮಾಡುತ್ತೇವೆ. ನೆರಳು ಎನಾಮೆಲ್‌ನ ಹೊರ ಅರ್ಧದಲ್ಲಿದ್ದರೆ ಇ1, ಒಳ ಅರ್ಧಕ್ಕೆ ಬಂದರೆ ಇ2, ಡೆಂಟಿನ್‌ನ ಹೊರ ಮೂರನೇ ಒಂದು ಭಾಗದಲ್ಲಿದ್ದರೆ ಡಿ1, ನಡುವಿನ ಭಾಗದಲ್ಲಿ ಡಿ2, ಪಲ್ಪ್ (ಹಲ್ಲಿನೊಳಗೆ ನರ, ರಕ್ತನಾಳ ಇರುವ ಭಾಗ) ಹತ್ತಿರದ ಭಾಗದಲ್ಲಿ ಡಿ3. ಇ1ರಲ್ಲಿ ಮೇಲ್ಮೈ ಒಡೆದಿರುವುದು ಅಪರೂಪ. ಡಿ2, ಡಿ3ರಲ್ಲಿ ಒಡೆದಿದೆ ಅಂತಲೇ ಎಣಿಸಬೇಕು. ತಲೆನೋವು ಇರುವುದು ಇ2 ಮತ್ತು ಡಿ1ರಲ್ಲಿ. ಹೊರ ಡೆಂಟಿನ್ ತಲುಪಿದ ನೆರಳುಗಳಲ್ಲೂ ಸಾಕಷ್ಟು ಕಡೆ ಮೇಲ್ಮೈ ಹಾಗೇ ಉಳಿದಿರುತ್ತದೆ. "ಡೆಂಟಿನ್ ಮುಟ್ಟಿತು, ಕೊರೆಯಿರಿ" ಅನ್ನುವ ಸೂತ್ರ ಇಲ್ಲೇ ಎಡವುತ್ತದೆ. ಎಕ್ಸ್-ರೇ ಆಳವನ್ನು ಇರುವುದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ನಿಜ. ಆದರೆ ಮೇಲ್ಮೈ ಒಡೆದಿದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುವುದೇ ಇಲ್ಲ.

ಇ2, ಡಿ1ರಲ್ಲಿ ಅನುಮಾನ ಬಂದಾಗ ನೇರವಾಗಿ ನೋಡಿಬಿಡಬಹುದು. ಬ್ರೇಸಸ್ ಹಾಕುವವರು ಬಳಸುವ ರಬ್ಬರ್ ಸೆಪರೇಟರ್ ಅನ್ನು ಆ ಎರಡು ಹಲ್ಲುಗಳ ನಡುವೆ ಕೂರಿಸಿ. 2-3 ದಿನ ಬಿಟ್ಟು ಕರೆಸಿ. ಸ್ವಲ್ಪ ಬಿಗಿತ, ಮಂದ ನೋವು ಇರುತ್ತದೆ ಅಂತ ಮೊದಲೇ ಹೇಳಿ. ಬಂದ ದಿನ ಸೆಪರೇಟರ್ ತೆಗೆದು, ತೊಳೆದು, ಒಣಗಿಸಿ. ಕನ್ನಡಿಯನ್ನು ಓರೆ ಮಾಡಿ ಹಿಡಿದರೆ ಆ ಕಿರಿದಾದ ಸಂದಿಯಲ್ಲಿ ಇಷ್ಟು ದಿನ ಮುಚ್ಚಿದ್ದ ಮೇಲ್ಮೈ ಕಾಣುತ್ತದೆ: ಮಂಕು ಬಿಳಿ ಅಥವಾ ಕಂದು ಮಚ್ಚೆ, ನಡುವೆ ಗುಳಿ ಇದೆಯೋ ಇಲ್ಲವೋ. ಕಂಡದ್ದು ಸಾಲದಿದ್ದರೆ ಗುಂಡು ತುದಿಯ ಪ್ರೋಬ್ ಹಗುರವಾಗಿ ಆಡಿಸಿ. ಅದೂ ಸಾಲದಿದ್ದರೆ ಆ ಸಂದಿಗೆ ತೆಳು ಸಿಲಿಕೋನ್ ಹಾಕಿ ಅಚ್ಚು ತೆಗೆಯಿರಿ. ಗುಂಡಿ ಇದ್ದರೆ ಅಚ್ಚಿನಲ್ಲಿ ಉಬ್ಬು ಬರುತ್ತದೆ. ಇನ್ನೊಂದು ಭೇಟಿ ಆಗುತ್ತದೆ ಅನ್ನುವುದು ಬಿಟ್ಟರೆ ಇದಕ್ಕೆ ಬೇರೆ ತೊಂದರೆ ಇಲ್ಲ. ಇಬ್ಬರು ಡಾಕ್ಟರುಗಳು ಒಂದೇ ಎಕ್ಸ್-ರೇ ನೋಡಿ ಬೇರೆ ಬೇರೆ ಹೇಳುವ ಪ್ರಸಂಗಗಳಲ್ಲಿ ಈ ಒಂದು ಭೇಟಿ ವಾದವನ್ನೇ ಮುಗಿಸುತ್ತದೆ.

ಹೊಳೆಯುವ ಬೆಳಕು ಹಾಯಿಸಿ ನೋಡುವ ಟ್ರಾನ್ಸ್‌ಇಲ್ಯುಮಿನೇಶನ್ ಕೂಡ ಸಹಾಯ ಮಾಡುತ್ತದೆ, ಮುಂದಿನ ಹಲ್ಲುಗಳಲ್ಲಂತೂ ಚೆನ್ನಾಗಿ ಕಾಣುತ್ತದೆ. ಹುಳುಕು ಅಳೆಯುವ ಲೇಸರ್ ಪೆನ್‌ಗಳು ಕಲೆ, ಕ್ಯಾಲ್ಕುಲಸ್ (ಗಟ್ಟಿಯಾದ ಪ್ಲಾಕ್), ಹಳೆ ಫಿಲ್ಲಿಂಗ್‌ಗೂ ಸಂಖ್ಯೆ ಏರಿಸಿ ತೋರಿಸುತ್ತವೆ. ಆ ಸಂಖ್ಯೆಯನ್ನು ಸಾಕ್ಷಿ ಅಂತ ಇಟ್ಟುಕೊಳ್ಳಿ, ತೀರ್ಪು ಅಂತ ಬೇಡ.

ಪ್ರಶ್ನೆ ಮೂರು: ಬೆಳೆಯುತ್ತಿದೆಯಾ, ನಿಂತಿದೆಯಾ?

ಬೆಳೆಯುತ್ತಿರುವ ಮಚ್ಚೆ ಮಂಕಾಗಿರುತ್ತದೆ, ಪ್ರೋಬ್ ಎಳೆದರೆ ಒರಟು. ಬಣ್ಣ ಬಿಳಿ ಅಥವಾ ತಿಳಿ ಹಳದಿ. ಮೇಲೆ ದಪ್ಪ ಪ್ಲಾಕ್, ಪಕ್ಕದ ಒಸಡು ಕೆಂಪು, ಮೆಲ್ಲಗೆ ತಾಗಿದರೂ ರಕ್ತ. ನಿಂತುಹೋದ ಮಚ್ಚೆ ಹೊಳೆಯುತ್ತದೆ, ಗಟ್ಟಿ, ನುಣುಪು. ಅದು ಕಂದು ಅಥವಾ ಕಪ್ಪು ಇರಬಹುದು, ಬಿಳಿಯಾಗೇ ಉಳಿದಿರಲೂಬಹುದು. ಅನೇಕ ಸಲ ಒಸಡಿನ ಅಂಚಿನಿಂದ ಸ್ವಲ್ಪ ದೂರದಲ್ಲಿರುತ್ತದೆ, ಯಾಕೆಂದರೆ ಮಚ್ಚೆ ಹುಟ್ಟಿದಾಗ ಒಸಡು ಅಲ್ಲಿತ್ತು, ಈಗ ಸರಿದಿದೆ.

ಅಂದರೆ ಕಪ್ಪಾಗಿರುವುದು ಅಪಾಯ, ಬೆಳ್ಳಗಿರುವುದು ಕ್ಷೇಮ ಅನ್ನುವ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗು. ಮಂಕು ಬಿಳಿಗೆ ಮೊದಲು ಗಮನ ಕೊಡಿ.

ಹಲ್ಲುಗಳ ನಡುವೆ ಬಣ್ಣ, ಹೊಳಪು ನೋಡಲಾಗುವುದಿಲ್ಲ. ಅಲ್ಲಿ ಎರಡು ಸುಳಿವು: ಆ ಸಂದಿಯ ಒಸಡಿನಿಂದ ರಕ್ತ ಬರುತ್ತದೆಯಾ, ಮತ್ತು ಹಳೆಯ ಎಕ್ಸ್-ರೇಗೆ ಹೋಲಿಸಿದರೆ ನೆರಳು ದೊಡ್ಡದಾಗಿದೆಯಾ. ಹಳೆಯದು ಇಲ್ಲದಿದ್ದರೆ ಇಂದಿನದೇ ಮೊದಲ ಅಳತೆ. ಶಾಶ್ವತ ಹಲ್ಲಿನ ಎನಾಮೆಲ್ ದಾಟಲು ಹುಳುಕಿಗೆ ಸಾಮಾನ್ಯವಾಗಿ ವರ್ಷಗಳು ಬೇಕು, ಆದ್ದರಿಂದ ಕಾದು ಹೋಲಿಸಲು ಸಮಯ ಇದೆ. ಹಾಲುಹಲ್ಲಿನಲ್ಲಿ ಅಷ್ಟು ಸಮಯ ಇಲ್ಲ. ಅಲ್ಲಿ ಎನಾಮೆಲ್ ತೆಳು, ಪಲ್ಪ್ ಹತ್ತಿರ.

ಮೂರನೇ ಪ್ರಶ್ನೆಗೆ ಹಲ್ಲೊಂದನ್ನೇ ನೋಡಿ ಉತ್ತರಿಸಲಾಗದು. ಕಳೆದ ಎರಡು ಮೂರು ವರ್ಷಗಳಲ್ಲಿ ಹೊಸ ಹುಳುಕು ಬಂದಿದೆಯಾ? ಊಟದ ನಡುವೆ ಸಿಹಿ ಎಷ್ಟು ಸಲ? ಒಟ್ಟು ಎಷ್ಟು ತಿಂದರು ಅನ್ನುವುದರ ಜೊತೆಗೆ ಎಷ್ಟು ಸಲ ಅನ್ನುವುದನ್ನು ಕೇಳಲೇಬೇಕು. ಸಿಹಿ ಪಾನೀಯವನ್ನು ಗಂಟೆಗಟ್ಟಲೆ ಗುಟುಕು ಗುಟುಕಾಗಿ ಕುಡಿಯುವವರಲ್ಲಿ ಪಿಎಚ್ ಮೇಲೆ ಬರಲು ಬಿಡುವೇ ಸಿಗುವುದಿಲ್ಲ. ಬಾಯಿ ಒಣಗುತ್ತದೆಯಾ? ಅಲರ್ಜಿ, ಖಿನ್ನತೆ, ರಕ್ತದೊತ್ತಡಕ್ಕೆ ಕೊಡುವ ಹಲವು ಮಾತ್ರೆಗಳು ಜೊಲ್ಲು ಕಡಿಮೆ ಮಾಡುತ್ತವೆ. ತಲೆ-ಕುತ್ತಿಗೆಗೆ ರೇಡಿಯೇಶನ್ ಆದವರಲ್ಲಿ ಹುಳುಕು ತಿಂಗಳುಗಳಲ್ಲೇ ಹರಡಬಲ್ಲದು. ಪೇಸ್ಟ್‌ನಲ್ಲಿ ಫ್ಲೋರೈಡ್ ಇದೆಯಾ, ರಾತ್ರಿ ಉಜ್ಜುತ್ತಾರಾ, ಇದನ್ನೂ ಕೇಳಿ.

ಈಗ ಏನು ಮಾಡಬೇಕು

ಒಡೆದಿಲ್ಲ, ನಿಂತಿದೆ: ಆ ಹಲ್ಲಿಗೆ ಏನೂ ಬೇಡ. ಬರೆದಿಡಿ, ಸಾಧ್ಯವಾದರೆ ಫೋಟೋ ತೆಗೆದಿಡಿ. ಮುಂದಿನ ಹಲ್ಲಾಗಿದ್ದು ಅಂದಕ್ಕೆ ತೊಂದರೆ ಅನಿಸಿದರೆ ಅದು ಬೇರೆ ಮಾತು.

ಒಡೆದಿಲ್ಲ, ಬೆಳೆಯುತ್ತಿದೆ: ಕೆಲಸ ಇರುವುದು ಇಲ್ಲಿ, ಮತ್ತು ಅದು ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2018ರಲ್ಲಿ ಕೊರೆಯದೆ ಮಾಡುವ ಚಿಕಿತ್ಸೆಗಳ ಬಗ್ಗೆ ಕೊಟ್ಟ ಮಾರ್ಗಸೂಚಿಯೂ ಮೇಲ್ಮೈವಾರು ಬೇರೆ ಬೇರೆ ಸಲಹೆ ಕೊಡುತ್ತದೆ.

ಕೆನ್ನೆ ಅಥವಾ ನಾಲಿಗೆ ಕಡೆಯ ನುಣುಪು ಮೇಲ್ಮೈಗೆ 5% ಸೋಡಿಯಂ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಅಂಟಿ ಉಳಿಯುವ ಲೇಪ). ಇದರಲ್ಲಿ 22,600 ಪಿಪಿಎಂ ಫ್ಲೋರೈಡ್ ಇರುತ್ತದೆ. 3ರಿಂದ 6 ತಿಂಗಳಿಗೊಮ್ಮೆ ಹಚ್ಚಿ. ವಾರ್ನಿಷ್‌ನಲ್ಲಿ ರಾಳ ಇದ್ದರೆ, ಅದಕ್ಕೆ ಅಲರ್ಜಿ ಇದೆಯಾ ಅಂತ ಮೊದಲು ಕೇಳಿ. 1.23% ಎಪಿಎಫ್ (ಆಮ್ಲೀಯ ಫ್ಲೋರೈಡ್) ಜೆಲ್ ಕೂಡ ಆಗುತ್ತದೆ, ಆದರೆ ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಬೇಡ.

ಅಗಿಯುವ ಮೇಲ್ಮೈಯ ಸೀಳಿಗೆ ಸೀಲಂಟ್, ಜೊತೆಗೆ ವಾರ್ನಿಷ್. "ಹುಳುಕಿನ ಮೇಲೆ ಮುಚ್ಚಿಬಿಟ್ಟರೆ ಒಳಗೆ ಬೆಳೆಯಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಒಡೆಯದ ಹುಳುಕನ್ನು ಗಟ್ಟಿಯಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗುವುದಿಲ್ಲ, ಹುಳುಕು ನಿಲ್ಲುತ್ತದೆ. ಸೀಲಂಟ್ ಸೋರದಂತೆ ಉಳಿಯಬೇಕು ಅನ್ನುವುದೊಂದೇ ಷರತ್ತು. ಎರಡನ್ನೂ ಒಂದೇ ದಿನ ಮಾಡುವುದಾದರೆ ಸೀಲಂಟ್ ಮೊದಲು, ವಾರ್ನಿಷ್ ಆಮೇಲೆ.

ಹಲ್ಲುಗಳ ನಡುವಿನ ಇ1, ಇ2ಕ್ಕೆ ವಾರ್ನಿಷ್, ಫ್ಲಾಸ್ ಅಥವಾ ಸಂದಿಯ ಬ್ರಷ್. ಬೆಳೆಯುತ್ತಿದೆ ಅಂತ ಖಚಿತವಾದರೆ, ಅಥವಾ ಮೇಲ್ಮೈ ಒಡೆಯದ ಡಿ1 ಆದರೆ, ರೆಸಿನ್ ಇನ್‌ಫಿಲ್ಟ್ರೇಶನ್ ಒಳ್ಳೆಯ ದಾರಿ. 15% ಹೈಡ್ರೋಕ್ಲೋರಿಕ್ ಆಮ್ಲದ ಜೆಲ್‌ನಿಂದ 2 ನಿಮಿಷ ಮೇಲಿನ ಪದರ ತೆರೆದು, ತೊಳೆದು, ಎಥನಾಲ್‌ನಿಂದ ಒಣಗಿಸಿ, ನೀರಿನಷ್ಟೇ ತೆಳುವಾದ ರೆಸಿನ್ ಅನ್ನು ರಂಧ್ರಗಳಿಗೆ ಇಳಿಸುವ ವಿಧಾನ ಇದು. ಬರ್ (ಕೊರೆಯುವ ಮೊನೆ) ಬೇಕಿಲ್ಲ. ಆದರೆ ರಬ್ಬರ್ ಡ್ಯಾಮ್ (ಜೊಲ್ಲು ತಡೆಯುವ ರಬ್ಬರ್ ಹಾಳೆ) ಬೇಕೇ ಬೇಕು. ಈ ರೆಸಿನ್ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ನೆರಳು ಮೊದಲಿನಂತೆಯೇ ಉಳಿಯುತ್ತದೆ. ಕಾರ್ಡ್‌ನಲ್ಲಿ ಬರೆದಿಡದಿದ್ದರೆ ನಾಳೆ ಇನ್ನೊಬ್ಬ ಡಾಕ್ಟರ್ ಅದನ್ನೇ ಹೊಸ ಹುಳುಕು ಅಂತ ಕೊರೆಯುತ್ತಾರೆ.

ಒಸಡು ಸರಿದು ಬೇರು ಕಾಣುವವರಲ್ಲಿ ಲೆಕ್ಕ ಬೇರೆ. ಬೇರಿನ ಮೇಲ್ಮೈ ಕರಗಲು ಪಿಎಚ್ 5.5ರವರೆಗೆ ಇಳಿಯಬೇಕಿಲ್ಲ, 6ರ ಮೇಲೆ ಇರುವಾಗಲೇ ಕರಗಲು ಶುರುವಾಗುತ್ತದೆ. ಅಲ್ಲಿಗೆ ದಿನವೂ 5,000 ಪಿಪಿಎಂ ಫ್ಲೋರೈಡ್ ಪೇಸ್ಟ್ ಕೊಡಿ. ಇದು ವೈದ್ಯರು ಬರೆದುಕೊಟ್ಟು ದೊಡ್ಡವರು ಬಳಸುವ ಪೇಸ್ಟ್, ಮಕ್ಕಳ ಕೈಗೆ ಸಿಗಬಾರದು.

ಇದೆಲ್ಲದರ ಅಡಿಯಲ್ಲಿ ದಿನನಿತ್ಯದ ಉಜ್ಜುವಿಕೆ ಇರಲೇಬೇಕು. 1,000ದಿಂದ 1,500 ಪಿಪಿಎಂ ಪೇಸ್ಟ್, ದಿನಕ್ಕೆ ಎರಡು ಸಲ, ಅದರಲ್ಲಿ ಒಂದು ಸಲ ಮಲಗುವ ಮುಂಚೆ. 3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿ ಕಾಳಿನಷ್ಟು. ಉಜ್ಜಿದ ಮೇಲೆ ಉಗುಳಿ ಸಾಕು, ನೀರು ಮುಕ್ಕಳಿಸಿ ಫ್ಲೋರೈಡನ್ನೆಲ್ಲ ತೊಳೆದುಕೊಳ್ಳಬೇಡಿ.

ಒಡೆದಿದೆ: ಆಗ ನಾಲ್ಕನೇ ಪ್ರಶ್ನೆ ಬರುತ್ತದೆ. ಅಲ್ಲಿ ಬ್ರಷ್ ತಲುಪುತ್ತದೆಯಾ? ಬೇರಿನ ಮೇಲೆ ಅಗಲವಾಗಿ ತೆರೆದ, ಆಳವಿಲ್ಲದ ಗುಂಡಿಯನ್ನು ಉಜ್ಜಿ ಉಜ್ಜಿಯೇ ಗಟ್ಟಿ ಮಾಡಬಹುದು. ಚಿಕ್ಕ ಮಕ್ಕಳ ಹಾಲುಹಲ್ಲಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಆರು ತಿಂಗಳಿಗೊಮ್ಮೆ ಹಚ್ಚಿದರೆ ಹುಳುಕು ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಆದರೆ ಜಾಗ ಕಪ್ಪಾಗುತ್ತದೆ, ಕಪ್ಪಾಗೇ ಉಳಿಯುತ್ತದೆ. ತಂದೆತಾಯಿಗೆ ಫೋಟೋ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಹಚ್ಚಿ. ಬೆಳ್ಳಿಗೆ ಅಲರ್ಜಿ ಇದ್ದರೆ ಬೇಡ, ಹುಳುಕು ಪಲ್ಪ್ ತಲುಪಿದ್ದರೂ ಬೇಡ. ಸೀಳಿನಲ್ಲಿ ಎನಾಮೆಲ್ ಅಷ್ಟೇ ಸ್ವಲ್ಪ ಒಡೆದಿದ್ದು, ಬೈಟ್‌ವಿಂಗ್‌ನಲ್ಲಿ ಡೆಂಟಿನ್ ಸರಿಯಿದ್ದರೆ ಸೀಲಂಟ್ ಸಾಕು. ಬ್ರಷ್ ತಲುಪದ ಗುಂಡಿಗೆ ಮಾತ್ರ ಫಿಲ್ಲಿಂಗ್. ಅದೂ ಹಾಳಾದಷ್ಟು ಜಾಗಕ್ಕೆ ಮಾತ್ರ. ಹಲ್ಲುಗಳ ನಡುವೆ ಕೊರೆಯುವಾಗ ಪಕ್ಕದ ಹಲ್ಲಿಗೆ ಲೋಹದ ಪಟ್ಟಿ ಅಡ್ಡ ಇಡಿ. ಅಲ್ಲಿ ಬರ್ ತಾಗುವುದು ತುಂಬಾ ಸಾಮಾನ್ಯ, ತಾಗಿದ ಗೀರಿನಲ್ಲೇ ಮುಂದಿನ ಹುಳುಕು ಶುರುವಾಗುತ್ತದೆ.

ಮಾಡಿದ್ದು ಫಲ ಕೊಡದಿದ್ದರೆ

"ಆರು ತಿಂಗಳಾಯ್ತು, ಮಚ್ಚೆ ಇನ್ನೂ ಬಿಳಿಯಾಗೇ ಇದೆ." ಬಿಳುಪು ಹೋಗಲೇಬೇಕು ಅಂತಿಲ್ಲ. ಒಣಗಿಸಿ, ಪ್ರೋಬ್ ಎಳೆದು ನೋಡಿ. ಒರಟು ಹೋಗಿ ನುಣುಪು, ಹೊಳಪು ಬಂದಿದ್ದರೆ ಗೆದ್ದಿದ್ದೀರಿ. ಒಳಗಿನ ಪೂರ್ತಿ ಖನಿಜ ವಾಪಸ್ ಬರದೆಯೂ ಹುಳುಕು ನಿಲ್ಲುತ್ತದೆ. ಬ್ರೇಸಸ್ ತೆಗೆದ ಮೇಲೆ ಉಳಿಯುವ ಮಚ್ಚೆಗಳಿಗೆ ಕೆಲವು ತಿಂಗಳು ಸಮಯ ಕೊಡಿ, ಸಾಕಷ್ಟು ತಾವಾಗಿಯೇ ಮಸುಕಾಗುತ್ತವೆ. ಉಳಿದದ್ದಕ್ಕೆ ಇನ್‌ಫಿಲ್ಟ್ರೇಶನ್ ಇದ್ದೇ ಇದೆ.

"ನೆರಳು ದೊಡ್ಡದಾಗಿದೆ." ಗಾಬರಿಯಾಗುವ ಮುಂಚೆ ಎರಡೂ ಎಕ್ಸ್-ರೇಗಳನ್ನು ಪಕ್ಕಪಕ್ಕ ಇಡಿ. ಕೋನ ಒಂದೇನಾ? ತಾಗುವ ಜಾಗಗಳು ಎರಡರಲ್ಲೂ ತೆರೆದಿವೆಯಾ? ಒಂದರಲ್ಲಿ ಹಲ್ಲುಗಳು ಒಂದರ ಮೇಲೊಂದು ಬಿದ್ದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಪ್ರತಿ ಸಲವೂ ಹೋಲ್ಡರ್ ಬಳಸಿದರೆ ಈ ಗೊಂದಲ ಬಹಳ ಕಡಿಮೆಯಾಗುತ್ತದೆ. ನಿಜಕ್ಕೂ ಬೆಳೆದಿದೆ ಅಂತಾದರೆ ಒಂದು ಮೆಟ್ಟಿಲು ಮೇಲೆ ಹೋಗಿ: ವಾರ್ನಿಷ್‌ನಿಂದ ಇನ್‌ಫಿಲ್ಟ್ರೇಶನ್‌ಗೆ, ಇಲ್ಲವೇ ಸೆಪರೇಟರ್ ಹಾಕಿ ನೇರವಾಗಿ ನೋಡಲು.

"ಸೀಲಂಟ್ ಬಿದ್ದುಹೋಯ್ತು." ಮೊದಲು ತೇವದ ತಪ್ಪು ಅಂತಲೇ ಹುಡುಕಲು ಶುರು ಮಾಡಿ. ಆಮ್ಲ ಹಚ್ಚಿ ತೊಳೆದು ಒಣಗಿಸಿದ ಮೇಲೆ ಎನಾಮೆಲ್ ಮಂಕು ಬಿಳಿಯಾಗಿ ಕಾಣಬೇಕು. ಆಮೇಲೆ ಜೊಲ್ಲು ಒಂದು ಹನಿ ತಾಗಿದರೂ ತೊಳೆದು, ಒಣಗಿಸಿ, ಮತ್ತೆ ಆಮ್ಲ ಹಚ್ಚಬೇಕು. ಅರ್ಧ ಮೂಡಿದ ದವಡೆ ಹಲ್ಲಿನ ಹಿಂಭಾಗ ಒಸಡಿನಡಿ ಇದ್ದರೆ ರೆಸಿನ್ ಜೊತೆ ಹೋರಾಡಬೇಡಿ. ಸದ್ಯಕ್ಕೆ ಗ್ಲಾಸ್ ಅಯಾನೊಮರ್ (ತೇವವನ್ನು ಹೆಚ್ಚು ತಾಳುವ ಸಿಮೆಂಟ್) ಹಾಕಿ, ಹಲ್ಲು ಪೂರ್ತಿ ಬಂದ ಮೇಲೆ ರೆಸಿನ್ ಸೀಲಂಟ್ ಹಾಕಿದರಾಯ್ತು. 6 ಮತ್ತು 12ರ ಸುಮಾರಿಗೆ ಬರುವ ದವಡೆ ಹಲ್ಲುಗಳು ಪೂರ್ತಿ ಮೂಡಲು ಒಂದು ವರ್ಷ, ಕೆಲವೊಮ್ಮೆ ಜಾಸ್ತಿಯೇ ಹಿಡಿಯುತ್ತದೆ. ಅಷ್ಟು ದಿನ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ನೇರವಾಗಿ ಉಜ್ಜಿದರೆ ಬ್ರಷ್ ತಾಗುವುದೇ ಇಲ್ಲ. ಬ್ರಷ್ ಅನ್ನು ಕೆನ್ನೆ ಕಡೆಯಿಂದ ಅಡ್ಡ ಹಾಕಿ ಆ ಒಂದು ಹಲ್ಲನ್ನು ಬೇರೆಯಾಗಿ ಉಜ್ಜುವುದನ್ನು ಅಪ್ಪ ಅಮ್ಮನಿಗೆ ಕೈಯಲ್ಲಿ ಹಿಡಿದು ತೋರಿಸಿ. ಸೀಲಂಟ್‌ನಷ್ಟೇ ಬೆಲೆ ಈ ಎರಡು ನಿಮಿಷಕ್ಕೂ ಇದೆ.

"ಇಷ್ಟು ದಿನ ಸರಿಯಿತ್ತು, ಈಗ ಎಲ್ಲ ಕಡೆ ಮಚ್ಚೆ." ಹಲ್ಲು ಬಿಟ್ಟು ಮನುಷ್ಯನ ಕಡೆ ನೋಡಿ. ಹೊಸ ಮಾತ್ರೆ ಶುರುವಾಯಿತಾ? ಬಾಯಿ ಒಣಗುತ್ತಿದೆಯಾ? ರಾತ್ರಿ ಪಾಳಿಯ ಕೆಲಸ, ಸಿಗರೇಟ್ ಬಿಟ್ಟು ಮಿಠಾಯಿ ಹಿಡಿದದ್ದು, ಕೆಮ್ಮಿಗೆ ಸಿಹಿ ಸಿರಪ್? ಏನೂ ಮಾಡದೆ ಕೂತಾಗ ಬರುವ ಜೊಲ್ಲು ನಿಮಿಷಕ್ಕೆ 0.1 ಮಿಲಿಲೀಟರ್‌ಗಿಂತ ಕಡಿಮೆ ಇದ್ದರೆ ಅದು ನಿಜವಾದ ಕೊರತೆ. ಅಳೆಯಲು ಒಂದು ಕಪ್, ಒಂದು ಗಡಿಯಾರ ಸಾಕು. ಮಾತ್ರೆ ಬದಲಾಯಿಸಬಹುದಾ ಅಂತ ಅದನ್ನು ಬರೆದುಕೊಟ್ಟ ವೈದ್ಯರಿಗೆ ಪತ್ರ ಬರೆಯಿರಿ. ರೋಗಿಯೇ ನಿಲ್ಲಿಸುವುದು ಬೇಡ.

"ಇವರು ಮತ್ತೆ ಬರುವುದು ಅನುಮಾನ." ಇದು ನಿಜವಾದ ತೊಡಕು. ಬರದವರಿಗೆ ಫಿಲ್ಲಿಂಗ್ ಮಾಡಿಬಿಡೋಣ ಅಂತ ಹಲವರು ಯೋಚಿಸುತ್ತಾರೆ. ನಾನು ಒಪ್ಪುವುದಿಲ್ಲ. ಮತ್ತೆ ಬರದವರ ಬಾಯಲ್ಲಿ ಫಿಲ್ಲಿಂಗ್‌ನ ಅಂಚು ಕೂಡ ಯಾರೂ ನೋಡದೆ ಹಾಳಾಗುತ್ತದೆ. ಇಂಥವರಿಗೆ ಕಾದು ನೋಡುವ ಬದಲು ಸೀಲಂಟ್ ಅಥವಾ ಇನ್‌ಫಿಲ್ಟ್ರೇಶನ್ ಅನ್ನು ಇವತ್ತೇ ಮಾಡಿಬಿಡಿ. ಮುಚ್ಚುವುದಕ್ಕೆ ಕೊರೆಯಬೇಕಿಲ್ಲ.

ಮತ್ತೆ ಯಾವಾಗ ಕರೆಯಬೇಕು

ಅಪಾಯ ಜಾಸ್ತಿ ಇದ್ದವರನ್ನು 3 ತಿಂಗಳಿಗೆ ಕರೆಯಿರಿ, ಬೈಟ್‌ವಿಂಗ್ 6ರಿಂದ 12 ತಿಂಗಳಿಗೆ. ಅಪಾಯ ಕಡಿಮೆ ಇದ್ದ ದೊಡ್ಡವರಿಗೆ ಬೈಟ್‌ವಿಂಗ್ 2 ವರ್ಷಕ್ಕೊಮ್ಮೆ ಅಥವಾ ಅದಕ್ಕೂ ತಡವಾಗಿ ಸಾಕು. ಕಾರ್ಡ್‌ನಲ್ಲಿ ಹಲ್ಲು, ಮೇಲ್ಮೈ, ಐಸಿಡಿಎಎಸ್ ಕೋಡ್, ಎಕ್ಸ್-ರೇಯ ಆಳ, ಬೆಳೆಯುತ್ತಿದೆಯೋ ನಿಂತಿದೆಯೋ, ಏನು ಹಚ್ಚಿದಿರಿ, ಇಷ್ಟು ಬರೆದಿರಬೇಕು.

ಇನ್ನೊಂದು ಮಾತು. ಈ ಕೈಪಿಡಿ ನೋವಿಲ್ಲದ ಹಲ್ಲಿಗೆ ಮಾತ್ರ. ರಾತ್ರಿ ತಾನಾಗೇ ಎದ್ದು ಕಾಡುವ ನೋವು, ತಣ್ಣನೆಯದು ತಾಗಿದ ಮೇಲೆ ನಿಮಿಷಗಟ್ಟಲೆ ಉಳಿಯುವ ನೋವು, ಕಚ್ಚಿದರೆ ನೋವು, ಒಸಡಿನ ಮೇಲೆ ಕೀವಿನ ಗುಳ್ಳೆ, ಮುಖದ ಊತ — ಇವುಗಳಲ್ಲಿ ಯಾವುದು ಇದ್ದರೂ ಮೂರು ಪ್ರಶ್ನೆಗಳ ಹಂತ ದಾಟಿಹೋಗಿದೆ. ಪಲ್ಪ್ ಪರೀಕ್ಷೆ ಅವತ್ತೇ ಆಗಬೇಕು.